ಒಂಬತ್ತನೆಯದು

ವೀಗೋ ಬಂದರಿಗೆ ಬೆಳಗಿನ ಜಾವ
ಮೊದಲು ಬರುವುದು ಮೀನಲ್ಲ,
ಮೀನಿನ ಕಾಗದ.
ದೋಣಿ ಇನ್ನೂ ಸೀಯೆಸ್ ದ್ವೀಪಗಳ ಆಚೆ ಇರುವಾಗಲೇ
ಕಪ್ತಾನ ಒದ್ದೆ ಹೆಬ್ಬೆರಳಲ್ಲಿ ಒತ್ತಿ ಕಳಿಸುತ್ತಾನೆ:
ಇಷ್ಟು ಪೆಟ್ಟಿಗೆ ಬಂಗಡೆ, ಇಷ್ಟು ಬೂತಾಯಿ.

ಕಾಗದಕ್ಕೊಂದರಂತೆ
ನನ್ನ ಸರ್ವರಿನೊಳಗೆ ಜೀವ ಹುಟ್ಟುತ್ತದೆ.
ಅದು ತೂಕ ಕೇಳಬೇಕು, ಹರಾಜಿಗೆ ಹೆಸರು ಬರೆಸಬೇಕು,
ಸುಂಕದವರ ಬಾಗಿಲು ತಟ್ಟಬೇಕು,
ಮಂಜುಗಡ್ಡೆಯ ಬಿಲ್ಲು ಹರಿಸಬೇಕು,
ಆಮೇಲೆ ಸಾಯಬೇಕು.
ಅಚ್ಚುಕಟ್ಟಾಗಿ ಸತ್ತರೆ ಕೆಲಸ ಮುಗಿದ ಲೆಕ್ಕ.

ಒಮ್ಮೆಗೆ ಎಷ್ಟು ಎಂಬ ಖಾನೆಯಲ್ಲಿ ಸೊನ್ನೆ ಇತ್ತು.
ಇಲ್ಲಿ ಸೊನ್ನೆಯೆಂದರೆ ಏನೂ ಇಲ್ಲ ಎಂದಲ್ಲ,
ಎಷ್ಟು ಬೇಕಾದರೂ ಎಂದು.
ಯಾರು ಬರೆದಿಟ್ಟರೋ, ಧಾರಾಳಿ.

ಮೂರು ದಿನ ಗಾಳಿ.
ನಾಲ್ಕನೆಯ ರಾತ್ರಿ ಹೋದ ದೋಣಿಗಳೆಲ್ಲ ಒಟ್ಟಿಗೇ ತಿರುಗಿದವು.
ಹನ್ನೊಂದು ನಿಮಿಷದಲ್ಲಿ ಮುನ್ನೂರ ಹನ್ನೆರಡು ಕಾಗದ,
ಮುನ್ನೂರ ಹನ್ನೆರಡೂ ಎದ್ದು ನಿಂತವು.
ಡೇಟಾಬೇಸಿಗೆ ಇದ್ದದ್ದು ನಲವತ್ತು ಬಾಗಿಲು.
ಎಲ್ಲವೂ ಕಾಲುಭಾಗ ಕೆಲಸ ಮಾಡಿ
ಒಂದರ ಬೆನ್ನಿಗೊಂದು ಮೂಗು ತಾಗಿಸಿ ಕಾದವು.
ಪರದೆಯ ಮೇಲೆ ಉದ್ದಕ್ಕೂ ಒಂದೇ ಪದ:
ನಡೆಯುತ್ತಿದೆ, ನಡೆಯುತ್ತಿದೆ, ನಡೆಯುತ್ತಿದೆ.
ಒಂದೂ ನಡೆಯುತ್ತಿರಲಿಲ್ಲ.

ಕೆಳಗೆ ಹರಾಜುಕಟ್ಟೆಯಲ್ಲಿ ಬೆಲೆಯ ಫಲಕ ಕಪ್ಪು.
ಮಂಜು ಕರಗಿ ಬೂಟಿನಡಿ ಹರಿಯುತ್ತಿತ್ತು.
ಬ್ರೈಸ್ ಫೋನಿನಲ್ಲಿ: ಇನ್ನೊಂದು ಯಂತ್ರ ಕೊಳ್ಳೋಣವೇ, ಉಶೀಯಾ?
ಅಷ್ಟರಲ್ಲಿ ಮೆಟ್ಟಿಲು ಹತ್ತಿ ಬಂದಳು ದೋಸಿಂದಾ,
ಮೂವತ್ತಾರು ವರ್ಷದಿಂದ ತಕ್ಕಡಿಯ ಬಳಿ ನಿಂತವಳು.
"ನನ್ನ ಮುಂದೆ ಎಂಟು ಪೆಟ್ಟಿಗೆ. ಅಷ್ಟೇ.
ಒಂಬತ್ತನೆಯದು ಬಂದರೆ ಕಾಲಲ್ಲಿ ಹಿಂದಕ್ಕೆ ತಳ್ಳುತ್ತೇನೆ.
ಕಪ್ತಾನರು ಬೈಯುತ್ತಾರೆ.
ಮೀನು ಬೈಯುವುದಿಲ್ಲ."

ಎಲ್ಲವನ್ನೂ ನಿಲ್ಲಿಸಿ, ಸೊನ್ನೆ ಅಳಿಸಿ, ಎಂಟು ಬರೆದೆ.
ಎಂಟು ಒಳಹೋದವು.
ಮುನ್ನೂರ ನಾಲ್ಕು ಹೊರಗೆ ಡಿಸ್ಕಿನಲ್ಲಿ ಮಲಗಿದವು,
ಉಸಿರು ಕೇಳದೆ, ಹೆಸರು ಮರೆಯದೆ.
ಆಹಾ ಎಂದುಕೊಂಡೆ.
ಎಂಟೂ ನಿಂತುಬಿಟ್ಟವು.

ತಿಳಿಯಲು ಹತ್ತು ನಿಮಿಷ ಹಿಡಿಯಿತು.
ಸುಂಕದ ಲೆಕ್ಕಕ್ಕೆಂದು ಪ್ರತಿಯೊಂದೂ
ಒಂದು ಮರಿ ಹಾಕುತ್ತದೆ,
ಮರಿ ಉತ್ತರ ತರುವ ತನಕ ಕದಲುವುದಿಲ್ಲ.
ಮರಿಯೂ ನನ್ನ ಎಣಿಕೆಯಲ್ಲಿ ಒಂದು ತಲೆ.
ಒಳಗೆ ಎಂಟು ತಾಯಂದಿರು ಮಕ್ಕಳ ದಾರಿ ಕಾಯುತ್ತ,
ಹೊರಗೆ ಎಂಟು ಮಕ್ಕಳು
ತಾಯಿ ಎದ್ದು ಜಾಗ ಕೊಡಲೆಂದು ಕಾಯುತ್ತ,
ನಡುವೆ ನಾನು ಜಡಿದ ಕದ.
ನಿನ್ನ ಪೆಟ್ಟಿಗೆಗಳಿಗೆ ಮಕ್ಕಳಿಲ್ಲ, ದೋಸಿಂದಾ.

ಮರಿಗಳಿಗೆಂದೇ ಬೇರೆ ಕಿಂಡಿ ಕೊರೆದೆ.
ಅದಕ್ಕೂ ಒಂದು ಅಂಕೆ: ಹದಿನಾರು. ಊಹೆ, ಬೇರೇನಲ್ಲ.

ಐದೂ ಇಪ್ಪತ್ತಕ್ಕೆ ಮೊದಲನೆಯದು ಸತ್ತಿತು.
ಸೆಗುಂಡಾ ಮರೂಶಾ ಎಂಬ ದೋಣಿ, ನಲವತ್ತು ಪೆಟ್ಟಿಗೆ ಬೂತಾಯಿ.
ಫಲಕದ ಮೇಲೆ ಕೆಂಪು ಅಂಕಿ ಮೂಡಿದಾಗ
ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು,
ನನಗಲ್ಲ, ಬೂತಾಯಿಗೆ.
ಆಮೇಲೆ ಎರಡನೆಯದು, ಐದನೆಯದು.
ಒಂದು ಹೊರಬಿದ್ದರೆ ಒಂದು ಒಳಕ್ಕೆ,
ಯಾರೂ ಯಾರನ್ನೂ ತುಳಿಯದೆ.

ಎಂಟು ಗಂಟೆಗೆ ಅಮಾರೋ ಬಂದ.
ಅವನದು ಮುನ್ನೂರ ಹನ್ನೆರಡನೆಯ ಕಾಗದ:
ಎರಡು ಪೆಟ್ಟಿಗೆ ಆಕ್ಟೋಪಸ್.
ಅವನ ಸರದಿ ಬರುವಷ್ಟರಲ್ಲಿ ಕೊಳ್ಳುವವರ ವ್ಯಾನುಗಳು
ಗುಡ್ಡ ಹತ್ತಿಯಾಗಿತ್ತು. ಅರ್ಧ ಬೆಲೆ ಸಿಕ್ಕಿತು.
"ನನ್ನ ಕಾಗದ ಎಲ್ಲಿತ್ತು?"
ಸಾಲಿನಲ್ಲಿತ್ತು, ಎಂದೆ.
ಎಲ್ಲೂ ಕಳೆದಿರಲಿಲ್ಲ, ಎಂದೆ.
ಅವನು ಪರದೆಯ ಮೇಲಿನ ಎಂಟನ್ನು
ಮೀನಿನ ಕಣ್ಣು ನೋಡಿ ಹಳತೋ ಹೊಸತೋ ಎನ್ನುವವನಂತೆ
ತುಸು ಹೊತ್ತು ನೋಡಿದ.
"ಒಂಬತ್ತು ಯಾಕಾಗಬಾರದು?"

ಅವನಿಗೆ ನೆನಪು, ಬಾಗಿಲು, ನೂಕುನುಗ್ಗಲು ಎಂದೇನೋ ಹೇಳಿದೆ.
ತಲೆಯಾಡಿಸಿ ಟೋಪಿ ಹಾಕಿಕೊಂಡು ಹೋದ.

ಮರುವಾರ ಯಾರಿಗೂ ಹೇಳದೆ
ಒಂಬತ್ತು ಬರೆದು ನೋಡಿದೆ.
ನಡೆಯಿತು.