ಹುಬ್ಬು

ಕಲಿಸಲು ಬಂದವನು ವಿಚಿಟಾದವನು, ಡೆಲ್ಬರ್ಟ್ ಅಂತ.
ಬೆಥೆಲ್‌ನ ಜನವರಿಗೆ ತೆಳ್ಳನೆ ಬೂಟು ಹಾಕಿಕೊಂಡು ಬಂದಿದ್ದ.
ಇನ್ನು ಬೆರಳು ಬೇಡ, ಬಾಯಿ ಸಾಕು, ಅಗಾಫಿಯಾ,
ಒಂದೊಂದು ಪದ ಮೂರು ಸಲ ಹೇಳಿ,
ನಿಮ್ಮ ಸಹಜ ದನಿಯಲ್ಲಿ, ಅಂದ.

ಯಾವುದು, ಅಂತ ನಾನು ಕೇಳಲಿಲ್ಲ.
ಚಹಾಕ್ಕೆ ಮುಂಚಿನದೊಂದಿದೆ, ಆಮೇಲಿನದೊಂದಿದೆ.
ಹಿಂದಿನ ಸೀಟಿನ ಬಸುರಿಗೆ
ಏನೂ ಆಗಲ್ಲ ತಾಯಿ ಅನ್ನುವುದೊಂದು,
ರನ್‌ವೇ ನಡುವೆ ಕೂತ ನರಿಯನ್ನು ಬೈಯುವುದೊಂದು.
ಹ್ಯಾಂಗರಿನ ಹೀಟರ್ ಪಕ್ಕ ಕೂತು ಹೇಳಿದೆ:
ರೇಡಿಯೋ ಒಂದು. ರೇಡಿಯೋ ಒಂದು. ರೇಡಿಯೋ ಒಂದು.
ಚರ್ಚಿನಲ್ಲಿ ತೀರಿಕೊಂಡವರ ಹೆಸರು ಓದಿದ ಹಾಗೆ ನನಗೇ ಕೇಳಿಸಿತು.

ದೃಢಪಡಿಸಿ, ಅಂದಿತು ಪೆಟ್ಟಿಗೆ.
ನಾನು ಹುಬ್ಬು ಏರಿಸಿದೆ.
ನಿಮಗೆ ಅದು ಅಚ್ಚರಿ, ಇಲ್ಲಾ ಕೊಂಕು.
ನಮ್ಮ ಹೊಳೆಯ ಉದ್ದಕ್ಕೂ ಅದು ಹೌದು, ಅಷ್ಟೆ.
ಪೆಟ್ಟಿಗೆ ಕಾಯಿತು. ಡೆಲ್ಬರ್ಟ್ ಕಾಯ್ದ.
ಏನಾದರೂ ತಪ್ಪಾಯಿತೇ, ಅಂತ ಕೇಳಿದ ಪಾಪ.
"ಹೌದು" ಕೂಡ ನಡೆಯಲ್ಲ, "ಅಫರ್ಮ್" ಅನ್ನಬೇಕಂತೆ.

ಗುರುವಾರ. ಕಿಪ್ನುಕ್‌ಗೆ ಹನ್ನೆರಡು ಪೆಟ್ಟಿಗೆ ಸೋಡಾ,
ಡೈಪರು, ಅಂಚೆ, ಸ್ನೋಮೊಬೈಲಿನ ಎರಡು ಬೆಲ್ಟು,
ಬಲಗಡೆ ಸೀಟಿನಲ್ಲಿ ನಿಕೀಫರ್, ಎಂಟು ವರ್ಷ,
ಹಲ್ಲು ಕೀಳಿಸಿಕೊಂಡು ಮನೆಗೆ ಹೊರಟವನು.
ಅರ್ಧ ಮುಖ ಮರಗಟ್ಟಿ ಎಂಜಲು ಜಾರುತ್ತಿತ್ತು.
ಚಳಿಯಾ? ಇಲ್ಲ, ಮೂಗು ಸುಕ್ಕಿಸಿದ.
ಮುಂದೆ ಕೂರುವುದು ಇಷ್ಟವಾ? ಹುಬ್ಬು, ಟೋಪಿಯೊಳಗೇ ಹೋಯಿತು.

ಹೊಳೆ ತಿರುಗುವಲ್ಲಿ ಮೋಡ ಕೆಳಗಿಳಿಯಿತು.
ರೆಕ್ಕೆಯ ಅಂಚಿಗೆ ಬಿಳಿ ಹತ್ತಿತು, ಹಾಲಿನ ಕೆನೆಯಷ್ಟು,
ಆಮೇಲೆ ಅದಕ್ಕಿಂತ ದಪ್ಪ.
ಬೂಟು, ಅಂದೆ.
ರೆಕ್ಕೆಗೆ ತೊಡಿಸಿದ ರಬ್ಬರದು, ಉಬ್ಬಿ ಮಂಜು ಒಡೆಯಬೇಕು.
ಮತ್ತೆ ಹೇಳಿ.
ಬೂಟು.
ಮತ್ತೆ ಹೇಳಿ.
ಗಂಟಲು ಒಣಗಿತ್ತು. ಹೀಟರ್ ಪಕ್ಕದ ಆ ಹೆಂಗಸನ್ನು
ಪೆಟ್ಟಿಗೆ ಹುಡುಕುತ್ತಿತ್ತು,
ಅವಳು ಈ ವಿಮಾನ ಹತ್ತಿರಲಿಲ್ಲ.

ಹದಿನಾರು ಚಳಿಗಾಲ ಸವೆಸಿದ ಗುಂಡಿ,
ಬಣ್ಣ ಹೋಗಿ ಹಿತ್ತಾಳೆ ಕಾಣುವುದು,
ಅಲ್ಲೇ ಇತ್ತು. ಕೈ ನನ್ನನ್ನು ಕೇಳಲೇ ಇಲ್ಲ.
ರಬ್ಬರು ಉಸಿರೆಳೆದುಕೊಂಡಿತು. ಮಂಜು ಹಪ್ಪಳದಂತೆ ಒಡೆದು
ಹಿಂದಕ್ಕೆ ಹಾರಿತು. ಒಂದು ಚೂರು
ಬಾಲಕ್ಕೆ ಟಪ್ ಅಂತ ಬಡಿಯಿತು.
ಹುಡುಗ ನನ್ನ ಮುಖ ನೋಡಿದ,
ನಾನು ಅವನ ಮುಖ.
ಆರು ಮೈಲಿ ಯಾರೂ ಏನೂ ಹೇಳಲಿಲ್ಲ.

ಕಿಪ್ನುಕ್. ಚಕ್ರ ನಿಂತಿತು, ಪ್ರೊಪೆಲ್ಲರ್ ಇನ್ನೂ ಸೋಮಾರಿಯಾಗಿ ತಿರುಗುತ್ತಿತ್ತು.
ಹಾರಾಟ ಮುಗಿಸಿ ದಾಖಲಿಸಲೇ, ಕೇಳಿತು ಪೆಟ್ಟಿಗೆ, ದೃಢಪಡಿಸಿ.
ನಾನು ಹಟಕ್ಕೇ ಹುಬ್ಬು ಏರಿಸಿ ಕೂತೆ.
ಕಾಯಲಿ.
ನಿಕೀಫರ್ ದೊಡ್ಡ ಹೆಡ್‌ಸೆಟ್ಟಿನ ಮೈಕನ್ನು
ಎರಡೂ ಕೈಯಲ್ಲಿ ಎಳೆದುಕೊಂಡು,
ಸತ್ತ ತುಟಿಯಿಂದ, ಎಂಜಲ ಸಮೇತ, ಅಂದ:
ಅಫಮ್.

ಹಸಿರು ದೀಪ.
ನನ್ನದನ್ನು ಎರಡು ಸಲ ವಾಪಸು ಕಳಿಸಿದ್ದು ಇದೇ ಪೆಟ್ಟಿಗೆ!

ಇಳಿಸಿದೆ. ಅವನ ಚಿಕ್ಕಪ್ಪ ಸ್ಲೆಡ್ ಕಟ್ಟಿಕೊಂಡು
ಗಾಳಿಗೆ ಬೆನ್ನು ಕೊಟ್ಟು ನಿಂತಿದ್ದ.
ಬೆಲ್ಟು ಎರಡೂ ನಿನ್ನದೇ ತಾನೇ, ಅಂತ ಕೂಗಿದೆ.
ಅವನ ಗಾಗಲ್ಸ್ ತುಂಬ ಹಿಮ, ಟೋಪಿ ಮೂಗಿನವರೆಗೆ.
ಅದರೊಳಗೆ ಏನು ಏರಿತೋ, ಏನು ಸುಕ್ಕಾಯಿತೋ.
ಸ್ವಲ್ಪ ಹೊತ್ತು ಕಾದೆ.
ಆಮೇಲೆ, ನಾನೇ,
ಮತ್ತೆ ಹೇಳು, ಅಂದೆ.