ಸುಳ್ಳು ಬೆರಳು

ಯಶವಂತಪುರದ ಟ್ರಕ್ ಟರ್ಮಿನಲ್ಲಿನ ಹಿಂದುಗಡೆ
ಹನ್ನೊಂದನೇ ಶೆಡ್ಡು ನನ್ನದು.
ಡ್ಯಾಶ್‌ಬೋರ್ಡಿನ ಅಡಿ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿ,
ಕಾಲು ಮಾತ್ರ ಬಾಗಿಲಾಚೆ ಚಾಚಿದ್ದಾಗ
ಬಂದವರೆಲ್ಲ ಕರೆಯುವುದು 'ಅಣ್ಣಾ' ಎಂದೇ.
ಈಚೆ ಬಂದು ಮುಖ ತೋರಿಸಿದರೆ
ಒಂದು ಕ್ಷಣ ತಡವರಿಸಿ, ಆಮೇಲೆ 'ಅಕ್ಕ'.
ಮಾರನೆಯ ದಿನ ಅದೇ ಗಿರಾಕಿ, ಅದೇ ಕಾಲು,
ಮತ್ತೆ 'ಅಣ್ಣಾ'.
ಹದಿನಾಲ್ಕು ವರ್ಷ.

ಓಬಳೇಶ ಬಂದಾಗಲೂ ಹಾಗೇ.
ಚಳ್ಳಕೆರೆ ಕಡೆಯವನು, ಹೊಸ ಗಾಡಿ,
ಸೀಟಿನ ಪ್ಲಾಸ್ಟಿಕ್ಕು ಇನ್ನೂ ಹರಿದಿರಲಿಲ್ಲ.
"ಗೆರೆ ಮೆಟ್ಟಿದ್ರೆ ಸಾಕು, ಕಿರುಚ್ಕಂತೈತೆ.
ಗಾಜಿನ ಹಿಂದೆ ಒಂದು ಕಣ್ಣು ಕೂರ್ಸವ್ರೆ.
ಗೊರಗುಂಟೆಪಾಳ್ಯದಾಗೆ ಗೆರೆ ಎಲ್ಲೈತೆ ಹೇಳು?
ಅಳಿಸಿದ್ದು ಒಂದು, ಮೇಲೆ ಎಳೆದಿದ್ದು ಇನ್ನೊಂದು,
ಆಟೋದವನು ಬಿಟ್ಟಷ್ಟೇ ನಮಗೆ ದಾರಿ.
ಬಟನ್ ಐತೆ, ಒತ್ತಿದ್ರೆ ಸುಮ್ಕಾಗ್ತೈತೆ.
ಕೀ ತೆಗೆದು ಹಾಕಿದ್ರೆ ಮತ್ತೆ ಮೊದಲಿನಂಗೆ,
ನಿನ್ನೆ ಹೇಳಿದ್ದು ಇವತ್ತು ನೆಪ್ಪಿಲ್ಲ ಅದಕ್ಕೆ.
ದಿನಕ್ಕೆ ಮೂವತ್ತು ಸಲ ಬೇಡ ಬೇಡ ಅಂತ
ಎಷ್ಟು ಅಂತ ಹೇಳೋದು?"

ಎಷ್ಟು ಅಂತ ಹೇಳೋದು.
ನಾನು ನಗಲಿಲ್ಲ.

ವೈರು ಕತ್ತರಿಸುವುದು ಸುಲಭ. ಕತ್ತರಿಸಿದರೆ
ಮೀಟರಿನಲ್ಲಿ ಹಳದಿ ದೀಪ ಹತ್ತಿ, ಆರುವುದೇ ಇಲ್ಲ.
ಬಾಬಾಜಾನ್ ಉಸ್ತಾದರು ಕಲಿಸಿದ್ದು ಬೇರೆ:
ಕಂಪನಿ ವೈರಿಗೆ ಕತ್ತರಿ ಹಾಕಬೇಡ,
ಅದರ ಮಾತಿನಲ್ಲೇ ಅದಕ್ಕೆ ಹೇಳು.

ಬಟನ್ನಿನ ಬೆನ್ನಿಗೆ ಎರಡು ವೈರು,
ನೇರಳೆ ಮೇಲೆ ಬಿಳಿ ಪಟ್ಟೆಯದು, ಬರೀ ಕಂದಿನದು.
ಒತ್ತಿದಾಗ ಅವೆರಡೂ ಅರೆಗಳಿಗೆ ಮುಟ್ಟಿ ಬಿಡುತ್ತವೆ, ಅಷ್ಟೇ.
ಗಾಡಿಗೆ ಬೆರಳು ಗೊತ್ತಿಲ್ಲ, ಮುಟ್ಟಿದ್ದು ಗೊತ್ತು.
ಎಸ್.ಪಿ. ರೋಡಿನಿಂದ ತಂದ ಟೈಮರ್ ರಿಲೇ
ಕೀ ತಿರುಗಿದ ಮೂರನೇ ಸೆಕೆಂಡಿಗೆ
ಟಕ್ ಎಂದು ತಾನೇ ಒತ್ತುತ್ತದೆ.
ಓಬಳೇಶನ ಬೆರಳು ಸ್ಟೇರಿಂಗಿನ ಮೇಲೆ,
ಅವನ ಸುಳ್ಳು ಬೆರಳು ಡ್ಯಾಶಿನ ಒಳಗೆ.

ಇಲ್ಲಿಗೆ ಮುಗಿಸಬಹುದಿತ್ತು.
ಅವನು ಟೀ ತರಲು ಹೋದ.
ಗೇರಿನ ಪಕ್ಕ ಹಸಿಮೆಣಸಿನಕಾಯಿ, ಅರ್ಧ ಕಚ್ಚಿದ್ದು,
ತಲೆನೋವಿನ ಮುಲಾಮಿನ ಡಬ್ಬಿ, ತಳ ಕಾಣುವಂತೆ ಬಳಿದದ್ದು,
ಬಾಗಿಲಿಗೆ ನೇತುಹಾಕಿದ ಒದ್ದೆ ಟವೆಲ್ಲು.
ನಿದ್ದೆಯ ಜೊತೆ ಜಗಳಕ್ಕೆ ನಿಂತವರ ಸಾಮಾನು ಇವು.
ಹೆಡ್‌ಲೈಟಿನ ವೈರು ಅಲ್ಲೇ ಹಾದುಹೋಗಿತ್ತು.
ಇನ್ನೊಂದು ರಿಲೇ ತೆಗೆದೆ.
ದೀಪ ಹತ್ತಿದೊಡನೆ ಮತ್ತೊಂದು ಒತ್ತು,
ಹಗಲು ಮಲಗಿಸಿದ್ದು ಕತ್ತಲಿಗೆ ಏಳುವ ಹಾಗೆ.
ಅವನನ್ನು ಕೇಳಲಿಲ್ಲ. ಬಿಲ್ಲಿನಲ್ಲಿ ಬರೆಯಲಿಲ್ಲ.
ಸರಿಯೋ ತಪ್ಪೋ,
ಕರಿ ಟೇಪು ಸುತ್ತಿ ಮುಚ್ಚಿದೆ.

ದುಡ್ಡು ಕಳಿಸುವಾಗ ಅವನ ಫೋನಿನಲ್ಲಿ ನನ್ನ ನಂಬರು:
'ವೈರಿಂಗ್ ಅಣ್ಣ ಯಶ್ವಂತ್‌ಪುರ'.
ಯಾರೋ ಕೊಟ್ಟದ್ದು, ಕೊಟ್ಟ ಹಾಗೇ ಇತ್ತು.
ನೋಡಿಯೂ ನೋಡದವಳಂತೆ ಕೈ ಒರೆಸಿಕೊಂಡೆ.

ರಾತ್ರಿ ಎರಡೂವರೆಗೆ ಫೋನು.
"ಅಣ್ಣಾ..." ಎಂದು ನುಂಗಿಕೊಂಡ. "ಅಕ್ಕ, ಕೆಲಸ ಕೆಟ್ಟೈತೆ."
ಅವನ ಹಿಂದೆ ಅದರ ಕೂಗು ನನಗೂ ಕೇಳುತ್ತಿತ್ತು.
"ಎಲ್ಲಿದ್ದೀಯ?"
"ಶಿರಾ ದಾಟಿ."
"ಅಲ್ಲಿ ಗೆರೆ ಸರಿಯಾಗಿ ಕಾಣತ್ತಾ?"
ಸ್ವಲ್ಪ ಹೊತ್ತು ಬರೀ ಎಂಜಿನ್ನು.
"ಕಾಣ್ತೈತೆ."
"ಹಂಗಾದ್ರೆ ಕೆಟ್ಟಿಲ್ಲ."

ಬೈದ. ನನ್ನ ಉಸ್ತಾದರನ್ನೂ ಸೇರಿಸಿ ಬೈದ.
ಆಮೇಲೆ ಇಂಡಿಕೇಟರಿನ ಟಿಕ್ ಟಿಕ್. ಕೂಗು ನಿಂತಿತು.
ಜಲ್ಲಿಯ ಮೇಲೆ ಟೈರು, ಏರ್ ಬ್ರೇಕಿನ ದೊಡ್ಡ ನಿಟ್ಟುಸಿರು.
ಫೋನು ಇಡಲು ಮರೆತಿದ್ದ.
ಕೊಂಚ ಹೊತ್ತಿಗೆ ಗೊರಕೆ.

ನಾನೂ ಇಡಲಿಲ್ಲ.