ಹತ್ತು ಮಿಲಿಲೀಟರ್

ಹೊಹೊಯ್ ವಿಶ್ವವಿದ್ಯಾಲಯದ ಅರ್ಜಿ
ಐದು ಚೌಕ ತೋರಿಸಿ ಒಂದಕ್ಕೇ ಗುರುತು ಹಾಕು ಅನ್ನುತ್ತದೆ.
ರೋಗ ಹರಡುವ ಬಗೆ. ಅಂಕಿಸಂಖ್ಯೆ. ಪರಿಸರ.
ನೀತಿ ಮತ್ತು ಆಡಳಿತ. ಜನಶಿಕ್ಷಣ.
ಗಡುವು ಇವತ್ತು ರಾತ್ರಿ ಹನ್ನೆರಡು.
ಹೋದ ಕರೆಂಟು ಮಾತ್ರ ತನ್ನ ಗಡುವನ್ನು ಯಾರಿಗೂ ಹೇಳಿಲ್ಲ.

ಸೋಸುವುದು ನನಗೆ ಹೊಸದಲ್ಲ.
ಒಂಬತ್ತು ವರ್ಷದಿಂದ ಕ್ಪಾಂಡೋದ ಲ್ಯಾಬಿನಲ್ಲಿ
ಮಕ್ಕಳ ಉಚ್ಚೆಯನ್ನು ಸಿರಿಂಜಿಗೆ ಎಳೆದು,
ಹತ್ತು ಮಿಲಿಲೀಟರ್, ಹನಿ ಹೆಚ್ಚಿಲ್ಲ ಹನಿ ಕಡಿಮೆಯಿಲ್ಲ,
ನಾಣ್ಯದಗಲದ ಜಾಲರಿಯಲ್ಲಿ ಒತ್ತುತ್ತೇನೆ.
ನೀರು ಇಳಿಯುತ್ತದೆ. ಮೊಟ್ಟೆ ನಿಲ್ಲುತ್ತದೆ,
ಬಾಲದ ತುದಿಗೊಂದು ಮುಳ್ಳು,
ಭತ್ತದ ಕಾಳಿನ ಮೂತಿಯ ಹಾಗೆ.
ಎಣಿಸುತ್ತೇನೆ. ಬರೆಯುತ್ತೇನೆ. ಗಾಜು ತೊಳೆಯುತ್ತೇನೆ.

ಮಾದರಿ ತರಬೇಕಾದ್ದು ನಡುಹಗಲಿಗೆ;
ಮೊಟ್ಟೆ ಹೆಚ್ಚು ಇಳಿಯುವುದು ಆಗಲೇ.
ಬಿಸಿಲಲ್ಲಿ ಸಾಲು ನಿಂತ ಹುಡುಗರು
ಡಬ್ಬಿಗೆ ಡಬ್ಬಿ ಹಿಡಿದು ನೋಡುತ್ತಾರೆ: ಯಾರದು ಹೆಚ್ಚು ಕೆಂಪು.
ಕೆಂಪಾದವನು ಗಂಡಸಾದ ಅಂತ ಅಜ್ಜಂದಿರ ಕಾಲದ ಮಾತು.
ನಗಬಾರದು ಅಂದುಕೊಂಡೇ ನಕ್ಕಿದ್ದೇನೆ ನಾನೂ.

"ಅಂಕಿಸಂಖ್ಯೆ ತಗೋ" ಅಂದರು ಆಗ್ಬೆನ್ಯೇಗಾ ಸಾಹೇಬರು,
"ಅಕ್ರಾದಲ್ಲಿ ಕುರ್ಚಿ, ಕುರ್ಚಿಯ ತಲೆ ಮೇಲೆ ಏಸಿ."
ಅತ್ತೆ ಹೊಗೆಯಲ್ಲಿ ಮೀನು ಮಗುಚುತ್ತ ಕೇಳಿದಳು:
"ಯಾವುದು ಓದಿದರೆ ಬೇಗ ಮುಗಿಯುತ್ತೆ?"
ಸೆಲಾಸಿ ಏನೂ ಅನ್ನಲಿಲ್ಲ;
ಶುಲ್ಕದ ಮೇಲೆ ಬೆರಳಿಟ್ಟು
ಸೊನ್ನೆಗಳನ್ನು ಇನ್ನೊಮ್ಮೆ ಎಣಿಸಿದ.

ದಾಖಲೆ ಪುಸ್ತಕ ಮನೆಗೆ ತರಬಾರದು. ತಂದಿದ್ದೇನೆ.
ಕ್ಯಾಂಡಲಿನ ಬೆಳಕಲ್ಲಿ ಹಾಳೆ ಮಗುಚಿದರೆ
ಎಟೊರ್ನಾಂ, ಎಂಟು ವರ್ಷ, ಮೊಟ್ಟೆ ನೂರಾ ಹನ್ನೆರಡು.
ಮಾತ್ರೆ ಕೊಟ್ಟಿದೆ.
ಎಟೊರ್ನಾಂ, ಒಂಬತ್ತು, ಎಪ್ಪತ್ತು. ಮಾತ್ರೆ ಕೊಟ್ಟಿದೆ.
ಹತ್ತಕ್ಕೆ ಬಂದಾಗ ಅಳತೆಕೋಲಿಗೆ ನಿಲ್ಲಿಸಿ ನೋಡಿದರೆ
ಅರ್ಧ ಮಾತ್ರೆ ಹೆಚ್ಚಾಗಿದ್ದ.
ಅವನು ಬೆಳೆದದ್ದು ನನಗೆ ಗೊತ್ತಾದದ್ದು ಹಾಗೆ.
ಕೈಬರಹವೆಲ್ಲ ನನ್ನದೇ.

ಹೋದ ವಾರ ಮತ್ತೆ ಬಂದಿದ್ದ. ಹನ್ನೊಂದು.
ಉಂಡೆಯಾ ಅಂದೆ, ಖಾಲಿ ಹೊಟ್ಟೆಗೆ ನುಂಗಬಾರದು.
ವೋಲ್ಟಾಕ್ಕೆ ಇಳಿಯಬೇಡ ಅಂದೆ, ಎಂದಿನ ಹಾಗೆ.
ಕಹಿಗೆ ಮುಖ ಸಿಂಡರಿಸಿ, ನೀರು ಕುಡಿದು,
ತುಂಬ ಮರ್ಯಾದೆಯಿಂದ ಕೇಳಿದ:
"ಹಾಗಾದರೆ ಎಲ್ಲಿ ಈಜಲಿ, ಆಂಟಿ?"

ಐದು ಚೌಕದಲ್ಲೂ ಆ ಪ್ರಶ್ನೆಯನ್ನು ಮಲಗಿಸಿ ನೋಡಿದೆ.
ಒಂದರಲ್ಲಿ ಕಾಲು ಹೊರಗೆ, ಇನ್ನೊಂದರಲ್ಲಿ ತಲೆ.
ಅಂಕಿಸಂಖ್ಯೆ ಅವನನ್ನು ಚೆನ್ನಾಗಿ ಎಣಿಸೀತು.
ಜನಶಿಕ್ಷಣ, ಬೇಡ ಅನ್ನುವುದನ್ನೇ
ನನಗಿಂತ ಚಂದವಾಗಿ, ಚಿತ್ರ ಬರೆದು ಹೇಳೀತು.
ನೀತಿ ಕೂತಿರುವುದು ಅಕ್ರಾದಲ್ಲಿ;
ಅಲ್ಲಿಂದ ಕಾಣುವ ನೀರು ಕಡಲೊಂದೇ.

ಒಂಬತ್ತು ವರ್ಷ ಜಾಲರಿಯ ಮೇಲುಳಿದದ್ದನ್ನೇ ನೋಡಿದೆ.
ಕೆಳಗಿಳಿದದ್ದನ್ನು ಸಿಂಕಿಗೆ ಚೆಲ್ಲಿ
ನಲ್ಲಿ ತಿರುಗಿಸಿದೆ.
ಆ ಸಿಂಕಿನ ಕೊಳವೆ ಎಲ್ಲಿಗೆ ಹೋಗುತ್ತದೆ?
ಗೊತ್ತಿಲ್ಲ.
ಕೇಳಿಯೇ ಇರಲಿಲ್ಲ.

ಹನ್ನೊಂದೂ ನಲವತ್ತಕ್ಕೆ ಕರೆಂಟು ಬಂತು.
ಪರಿಸರದ ಚೌಕಕ್ಕೆ ಗುರುತು ಹಾಕಿದೆ,
ಅದೇ ಸರಿ ಅಂತಲ್ಲ,
ಕೊಳವೆಯ ಮಾತು ಬರುವ ಪಾಠ ಅಲ್ಲಿ ಇದ್ದೀತು ಅಂತ.
ಈ ವಿಷಯವೇ ಏಕೆ, ಇನ್ನೂರು ಪದಗಳಲ್ಲಿ ಬರೆಯಿರಿ.
ಹುಡುಗ ಕೇಳಿದ್ದನ್ನೇ ಬರೆದೆ.
ನಾಲ್ಕು ಪದವಾಯಿತು.
ಉಳಿದದ್ದಕ್ಕೆ ಹದಿನೆಂಟು ನಿಮಿಷವಿತ್ತು;
ಗೋಡೆಯಾಚೆಯಿಂದ ಅತ್ತೆ
ದೀಪ ಆರಿಸು ಅಂದಳು.